ನೂರಹನ್ನೆರಡು ಕಿಲೋ ಹೊರುವ ಸೈಕಲ್

ಪುತ್ತೂರಿನ ಸೈಕಲ್ ಅಂಗಡಿಯಲ್ಲಿ ಇವತ್ತು ನನ್ನ ತೂಕ ಕೇಳಿದರು. ನೂರಹನ್ನೆರಡು ಕಿಲೋ ಎಂದೆ. ಮಾಲೀಕರು ಕೂಡಲೇ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ, ಮಿರಮಿರ ಮಿಂಚುವ ಸೈಕಲೊಂದನ್ನು ಎಳೆದು ತಂದರು.

"ನಿಮ್ಮ ಶರೀರಕ್ಕೆ ಇದೇ ಸರಿ ಮಾರಾಯ್ರೆ. ಸೋಫಾದ ಹಾಗೆ ಉಂಟು."

ಗೆಳೆಯರೇ, ನಾನು ಓದಿಕೊಂಡೇ ಹೋಗಿದ್ದೆ. ನಮ್ಮೂರು ಕೆದಂಬಾಡಿಯ ಕಲ್ಲುದಾರಿಗೆ ನನಗೆ ಬೇಕಾದದ್ದು ಹಿಂದೆ ಸ್ಪ್ರಿಂಗ್ ಇಲ್ಲದ, ದಪ್ಪ ಕೊಳವೆಯ ಉಕ್ಕಿನ ಫ್ರೇಮ್. ಅಗ್ಗದ ಸ್ಪ್ರಿಂಗ್ ನನ್ನಂಥವನ ಕೆಳಗೆ ಕುಸಿಯುತ್ತದೆ, ಪೆಡಲಿಗೆ ಹಾಕಿದ ಬಲವನ್ನೆಲ್ಲ ತಾನೇ ನುಂಗುತ್ತದೆ.

"ಇದು ಎಷ್ಟು ಭಾರ ತಡೆಯುತ್ತದೆ?" ಎಂದು ಕೇಳಿದೆ.

"ಅದೆಲ್ಲ ಎಂತಕ್ಕೆ? ಆನೆ ಕೂತರೂ ಎಂತ ಆಗುದಿಲ್ಲ."

ನಮ್ಮೂರಲ್ಲಿ ಹಿಂದೆ ಸೈಕಲ್ ಕೊಳ್ಳುವವರು ಮಾರುವವನನ್ನೇ ಸೀಟಿನ ಮುಂದಿನ ಅಡ್ಡಕೊಳವೆಯ ಮೇಲೆ ಕೂರಿಸಿಕೊಂಡು ಒಂದು ಏರು ಹತ್ತಿಸಿ ನೋಡುತ್ತಿದ್ದರು. ಮಾಲೀಕರು ಅದನ್ನು ಮರೆತಿರಬಹುದು, ನಾನು ಮರೆತಿಲ್ಲ.

"ಹಾಗಾದರೆ ಬನ್ನಿ, ಇದರಲ್ಲೇ ಬೊಳುವಾರಿನವರೆಗೆ ಡಬಲ್ ಹೋಗುವ" ಎಂದೆ.

ಮಾಲೀಕರು ತಮ್ಮ ಹೊಟ್ಟೆ ನೋಡಿಕೊಂಡರು, ನನ್ನದನ್ನೂ ನೋಡಿದರು. "ಬೇಡ ಮಾರಾಯ್ರೆ, ನನಗೆ ಹೆಂಡತಿ ಮಕ್ಕಳು ಉಂಟು" ಎಂದು ಒಳಗೆ ಹೋಗಿ ಉಕ್ಕಿನ ಫ್ರೇಮಿನ ಸೈಕಲನ್ನೇ ತಂದರು. ಕೊಂಡುಕೊಂಡೆ.

ಗಿರಾಕಿಗಳಿಗೆ ಹೆಂಡತಿ ಮಕ್ಕಳು ಇರುವುದಿಲ್ಲವೆಂದು ಇವರಿಗೆ ಯಾರು ಹೇಳಿಕೊಟ್ಟರೋ!