ಮೀನಿನ ಯಂತ್ರ, ಅವ್ವನ ಜಳಕ

ನನ್ನ ಸಿಟ್ಟಿಗೆ ಮದ್ದಿಲ್ಲವೆಂದು ಮನೆಯವರೆಲ್ಲ ಕೈಬಿಟ್ಟಿದ್ದರು. ಅಣ್ಣಿಗೇರಿಯ ಡಾಕ್ಟರು ಮಾತ್ರ ಬಿಪಿ ನೋಡಿ, "ಮನ್ಯಾಗ ಒಂದು ಮೀನಿನ ತೊಟ್ಟಿ ಇಡ್ರಿ. ದಿನಾ ಅರ್ಧಾ ತಾಸು ಸುಮ್ಮನ ನೋಡ್ಕೋತ ಕೂಡ್ರಿ," ಎಂದರು. ಹುಬ್ಬಳ್ಳಿಯಿಂದ ಗಾಜಿನ ತೊಟ್ಟಿ, ಎಂಟು ಬಣ್ಣದ ಮೀನು ತಂದು ಪಡಸಾಲೆಯಲ್ಲಿಟ್ಟೆ.

ಮೀನು ಬಂದದ್ದಕ್ಕೆ ಅವ್ವ ಏನೂ ಅನ್ನಲಿಲ್ಲ. ತಕರಾರು ಎದ್ದದ್ದು ಅವುಗಳ ಊಟದ ಡಬ್ಬಿ ತೆರೆದಾಗ. ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನೈತೋ ಅದರಾಗ?" ಎಂದಳು. ಸುಳ್ಳು ಹೇಳುವ ಬುದ್ಧಿ ಆಗ ಬರಲಿಲ್ಲ. ಡಬ್ಬಿಯ ಮೇಲಿದ್ದದ್ದನ್ನು ಓದಿಬಿಟ್ಟೆ: ಒಣಗಿಸಿದ ಸೀಗಡಿ.

"ಲಿಂಗಪೂಜಿ ಮಾಡೂ ಮನಿ ಇದು. ನಡಿ, ಹೊರಗ ಒಯ್ಯಿ!"

ಡಬ್ಬಿ ದನದ ಕೊಟ್ಟಿಗೆಯ ಗೂಡು ಸೇರಿತು. ಅದನ್ನು ಮುಟ್ಟಿದ್ದಕ್ಕೆ ನಾನು ಜಳಕ ಮಾಡಿಯೇ ಒಳಗೆ ಬರಬೇಕಾಯಿತು. "ನಮ್ಮ ಮನ್ಯಾಗ ಇದ್ದ ಮ್ಯಾಲೆ ನಾವು ಉಂಡದ್ದನ್ನ ಉಣ್ಣಲಿ," ಎಂದು ಅವ್ವ ಮೀನುಗಳಿಗೆ ಜೋಳದ ರೊಟ್ಟಿ ಮುರಿದು ಹಾಕತೊಡಗಿದಳು. ಸೋಮವಾರ ಬೆಲ್ಲದ ಮಾದಲಿಯೂ ಬಿತ್ತು. ಬಂದ ನೆಂಟರೂ ತಮ್ಮ ತಾಟಿನಿಂದ ಒಂದು ತುತ್ತು ಹಾಕದೆ ಏಳಲಿಲ್ಲ. ವಾರದಲ್ಲಿ ನೀರು ಅಂಬಲಿಯಾಗಿ ಐದು ಮೀನು ಸತ್ತವು. ಸಿಟ್ಟಿಳಿಸಲು ತಂದ ತೊಟ್ಟಿಯ ಮುಂದೆ ನಿಂತು ನಾನು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅವ್ವ "ಉಣಿಸಿ ಕೊಂದ್ನಲ್ಲೋ," ಎಂದು ಎರಡು ದಿನ ತಾನೂ ಸರಿಯಾಗಿ ಉಣ್ಣಲಿಲ್ಲ. ನನಗೆ ನಾಚಿಕೆಯಾಯಿತು.

ಉಳಿದ ಮೂರನ್ನಾದರೂ ಬದುಕಿಸಬೇಕೆಂದು ಕಂಟ್ರೋಲರ್ ತಂದೆ. ಅಂಗೈಯಗಲದ ಪೆಟ್ಟಿಗೆ. ಹೊತ್ತಿಗೆ ಸರಿಯಾಗಿ ದೀಪ ಹಚ್ಚುತ್ತದೆ, ಆರಿಸುತ್ತದೆ, ನೀರು ತಣ್ಣಗಾದರೆ ಬೆಚ್ಚಗೆ ಮಾಡುತ್ತದೆ. ಬೆಳಿಗ್ಗೆ ಎಂಟಕ್ಕೆ ಅದರ ಜೊತೆಗಿನ ಪುಟ್ಟ ಡ್ರಮ್ಮು ಕಿರ್ ಎಂದು ತಿರುಗಿ ಚಿಟಿಕೆ ಊಟ ಉದುರಿಸುತ್ತದೆ. ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡುವ ಜೀವ ನಮ್ಮ ಮನೆಗೆ ಬಂದದ್ದು ಅದೇ ಮೊದಲು.

"ಊಟ ಯಾರೂ ಮುಟ್ಟೂದಿಲ್ಲವ್ವ. ಮಷಿನ್ ಹಾಕತೈತಿ."

"ಡ್ರಮ್ಮಿನ್ಯಾಗ ತುಂಬವರು ಯಾರು?"

"ಹುಬ್ಬಳ್ಳಿ ಅಂಗಡ್ಯಾವ್ರು."

ಅವ್ವ "ಹಂಗಾದ್ರ ಅದರ ಪಾಪ ಅವರಿಗೇ," ಎಂದು ತೀರ್ಪು ಕೊಟ್ಟಳು.

ಅಲ್ಲಿಂದ ತಿಂಗಳಿಗೊಮ್ಮೆ ಡ್ರಮ್ಮನ್ನು ಚೀಲದಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗುವುದು ನನ್ನ ಕೆಲಸವಾಯಿತು. ನೀರು ತಿಳಿಯಾಯಿತು, ಮೀನು ಮೈದುಂಬಿಕೊಂಡವು, ನನ್ನ ಬಿಪಿಯೂ ಇಳಿಯಿತು. ಪೂಜೆ ಮುಗಿಸಿ ಅವ್ವ ಎಂಟಕ್ಕೆ ತೊಟ್ಟಿಯ ಎಡಗಡೆ ಬಂದು ಕೂರುವಳು. ಡ್ರಮ್ಮು ತಿರುಗುವಾಗ ಮುಖ ಆಚೆ ಮಾಡಿ, ಮೀನು ತಿನ್ನುವಾಗ ಈಚೆ ಮಾಡುವಳು.

ಮೊನ್ನೆ ಮಳೆಗಾಲದಲ್ಲಿ ನಾನು ನಾಲ್ಕು ದಿನ ತರಬೇತಿಗೆಂದು ಬೆಳಗಾವಿಗೆ ಹೋದೆ. ಎರಡನೆಯ ದಿನ ಯಂತ್ರ ನನ್ನ ಮೊಬೈಲಿಗೆ ಸುದ್ದಿ ಕಳಿಸಿತು: ಊಟ ಖಾಲಿ. ತುಂಬಿಸಿಕೊಂಡು ಬರುವುದನ್ನು ನಾನೇ ಮರೆತಿದ್ದೆ. ಅವ್ವನಿಗೆ ಫೋನು ಹಚ್ಚಿದೆ.

"ಎಲ್ಡು ದಿನ ಉಪಾಸ ಇದ್ರ ಅವಕ್ಕೇನೂ ಆಗೂದಿಲ್ಲವ್ವ. ರೊಟ್ಟಿ ಮಾತ್ರ ಹಾಕಬ್ಯಾಡ, ಸಾಯತಾವ."

"ನೀ ಇರ್ತಿ ಏನು ಎಲ್ಡು ದಿನ ಉಪಾಸ? ಒಂದು ಹೊತ್ತು ತಡಾ ಆದ್ರ ತಾಟು ಒಗೀತಿ!"

ಫೋನು ಕಟ್ಟಾಯಿತು. ಉಳಿದ ಮೂರೂ ಹೋದವೆಂದೇ ನಾನು ತರಬೇತಿ ಮುಗಿಸಿದೆ. ಊರಿಗೆ ಬಂದಾಗ ಬಾಗಿಲಲ್ಲೇ ಪಕ್ಕದ ಮನೆಯ ಕಾಕು ತಡೆದಳು. "ಏನೋ, ನಿಮ್ಮವ್ವ ಆರಾಮ ಅದಾಳಿಲ್ಲ? ದಿನಾ ಎಲ್ಡು ಸಲ ಜಳಕಾ ಮಾಡಾಕತ್ತಾಳ."

ಒಳಗೆ ಮೂರೂ ಮೀನು ಗೆಲುವಾಗಿ ಓಡಾಡುತ್ತಿದ್ದವು. ನೀರು ತಿಳಿಯಾಗಿತ್ತು. ಕೊಟ್ಟಿಗೆಗೆ ಹೋಗಿ ನೋಡಿದರೆ ಗೂಡಿನಲ್ಲಿದ್ದ ಸೀಗಡಿ ಡಬ್ಬಿಯ ಧೂಳು ಒರೆಸಿತ್ತು, ಪಕ್ಕದಲ್ಲಿ ಹಳೆಯ ಚಮಚವಿತ್ತು. ಅಂದೇ ಹುಬ್ಬಳ್ಳಿಗೆ ಹೋಗಿ ಡ್ರಮ್ಮು ತುಂಬಿಸಿಕೊಂಡು ಬಂದೆ.

ಮರುದಿನ ಎಂಟಕ್ಕೆ ಡ್ರಮ್ಮು ಬಲಮೂಲೆಯಲ್ಲಿ ಕಿರ್ ಎಂದಿತು. ಮೂರೂ ಮೀನು ಎಡಮೂಲೆಗೆ ಬಂದು, ಅವ್ವನ ಮುಖಕ್ಕೆ ಬಾಯಿ ತೆರೆದು ನಿಂತವು.

"ಆ ಡಬ್ಬಿ ಅಲ್ಲೇ ಇರ್ಲಿ," ಎಂದಳು ಅವ್ವ, ನನ್ನ ಕಡೆ ನೋಡದೆ. "ಮಷಿನ್ನಿಗೆ ಯಾವಾಗರ ಆರಾಮ ತಪ್ಪಿದ್ರ ಬೇಕಾಗತೈತಿ."

ಈಗ ವಾರಕ್ಕೊಮ್ಮೆಯಾದರೂ ಅದಕ್ಕೆ ಆರಾಮ ತಪ್ಪುತ್ತದೆ. ಸ್ವಿಚ್ಚು ಆರಿಸಿದವರು ಯಾರೆಂದು ನಾನು ಕೇಳುವುದಿಲ್ಲ. ಅಂದು ಹಿತ್ತಲ ತಂತಿಯ ಮೇಲೆ ಅವ್ವನ ಎರಡು ಸೀರೆ ಒಣಗುತ್ತಿರುತ್ತವೆ.