ಅರವತ್ತಮೂರನೆಯ ಮೀಟರು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಬರೆದರೆ ನಾನು ಮೊದಲೆರಡು ಸಾಲು ಓದಿ ಪುಟ ತಿರುಗಿಸಿಬಿಡುತ್ತಿದ್ದೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನಿಸುತ್ತಿರಲಿಲ್ಲ. ನಿದ್ದೆ ಕೆಟ್ಟಿರಬೇಕು, ಹೆದರಿರಬೇಕು, ಆಮೇಲೆ ನೆನಪು ಅದಕ್ಕೆ ಕೈಕಾಲು ಮೂಡಿಸಿರಬೇಕು ಎಂದುಕೊಳ್ಳುತ್ತಿದ್ದೆ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವಳು ನಾನು. ಸರ್ವೆ ಕ್ಯಾಂಪಿನಲ್ಲಿ ನಮ್ಮ ಮೇಷ್ಟ್ರು ಕಂಡ ಅಂಕಿಯನ್ನು ಮಾತ್ರ ಬರೆಯಬೇಕು, ಇರಬೇಕಾಗಿದ್ದ ಅಂಕಿಯನ್ನು ಬರೆಯಕೂಡದು, ಬರೆದದ್ದನ್ನು ಅಳಿಸಲೂ ಕೂಡದು ಎನ್ನುತ್ತಿದ್ದರು. ಈ ಬರಹವನ್ನೂ ಅದೇ ಪ್ರಕಾರ ಬರೆಯಲು ನೋಡುತ್ತೇನೆ. ಆ ಮಧ್ಯಾಹ್ನ ನನಗೆ ನಿದ್ದೆ ಕೆಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಹೆದರಿಕೆ ಆಮೇಲೆ ಬಂತು. ಇನ್ನೂ ಪೂರ್ತಿ ಹೋಗಿಲ್ಲ.

2009ರ ಚಳಿಗಾಲದ ಮಾತು. ನಾವು ಆಗ ಅಮೆರಿಕದಲ್ಲಿ, ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದೆವು. ನಮ್ಮವರು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಪ್ರಾಜೆಕ್ಟು ಆರ್ಥಿಕ ಕುಸಿತಕ್ಕೆ ಸಿಕ್ಕಿ ಹಿಂದಿನ ಶರತ್ಕಾಲದಲ್ಲೇ ನಿಂತುಹೋಗಿ, ಬೇರೆ ಪ್ರಾಜೆಕ್ಟು ಸಿಗುವ ತನಕ ಅವರು ಕನ್ಸಲ್ಟಿಂಗ್ ಕಂಪನಿಯ ಬೆಂಚ್ ಮೇಲೆ ಕೂತಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ವಾರಕ್ಕೊಂದು ಬಾಡಿಗೆ ಟ್ರಕ್ ಬಂದು ನಿಲ್ಲುತ್ತಿತ್ತು. ಒಂದು ಮನೆ ಖಾಲಿಯಾಗುತ್ತಿತ್ತು. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ಇಬ್ಬರೂ ದಿನವಿಡೀ ಮನೆಯಲ್ಲೇ ಕೂತು, ಫೋನ್ ಹೊಡೆದುಕೊಂಡರೆ ಒಬ್ಬರ ಮುಖ ಒಬ್ಬರು ನೋಡುವ ದಿನಗಳು ಅವು.

ನನ್ನನ್ನು ಅಲ್ಲಿಂದ ಹೊರಗೆ ಎಳೆದವರು ಇಕ್ಬಾಲ್ ಅಂಕಲ್. ಮೂಳೆ ಡಾಕ್ಟರು, ಮೈಸೂರಿನವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದವರು. ನ್ಯೂಜೆರ್ಸಿ ಗಡಿ ದಾಟಿ ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಹಳೆಯದೊಂದು ಸ್ಕೀ ಜಂಪಿಂಗ್ ಗುಡ್ಡವಿತ್ತು. ಪಂದ್ಯಗಳು ನಡೆದಾಗ ಅಲ್ಲಿನ ಆಂಬುಲೆನ್ಸ್ ಪಕ್ಕ ಪುಕ್ಕಟೆಯಾಗಿ ನಿಲ್ಲುವುದು ಅವರ ಚಳಿಗಾಲದ ಹವ್ಯಾಸ.

"ಏನಮ್ಮಾ, ಎಷ್ಟು ದಿನ ಅಂತ ಕಿಟಕೀಲಿ ಸ್ನೋ ಎಣಿಸ್ತಾ ಕೂತಿರ್ತೀಯ? ಬಾ, ಅಲ್ಲಿ ಅಳತೆ ಮಾಡೋರು ಬೇಕಂತೆ. ಸಂಬಳ ಇಲ್ಲ, ಹಂಗಾಗಿ ನಿನ್ನ ವೀಸಾಕ್ಕೂ ತೊಂದ್ರೆ ಇಲ್ಲ" ಎಂದರು.

"ಅಂಕಲ್, ನನಗೆ ಸ್ಕೀಯಿಂಗ್ ಏನೂ ಗೊತ್ತಿಲ್ವಲ್ಲ."

"ನಿಂಗ್ಯಾಕೆ ಗೊತ್ತಿರ್ಬೇಕು? ಹಾರೋರು ಹುಚ್ಚರು, ನೋಡೋರಿಗೆ ಕಣ್ಣಿದ್ರೆ ಸಾಕು. ಗಂಟಲು ಹೆಂಗೂ ಇದೆ, ನಿನ್ನ ಗಂಡನ್ನ ಕೇಳಿದ್ರೆ ಗೊತ್ತಾಗುತ್ತೆ."

ಈ ಆಟವನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಗುಡ್ಡದ ನೆತ್ತಿಯಲ್ಲಿ ಒಂದು ಗೋಪುರ. ಅದರ ತುದಿಯಲ್ಲಿ ಅಡ್ಡಲಾಗಿ ಒಂದು ಪಟ್ಟಿ. ಹಾರುವವರು ಅದರ ಮೇಲೆ ಕೂತು ದೀಪ ನೋಡುತ್ತಾರೆ. ಕೆಂಪು ಇದ್ದರೆ ಕಾಯಬೇಕು, ಹಳದಿ ಬಂದರೆ ಸಿದ್ಧವಾಗಬೇಕು, ಹಸಿರು ಬಂದ ಮೇಲೆ ಕೋಚ್ ಬಾವುಟ ಬೀಸಿದಾಗ ಜಾರಬೇಕು. ಜಾಡಿನ ಕೊನೆಯಲ್ಲಿ ಗಾಳಿಗೆ ಹಾರಿ, ಕೆಳಗಿನ ಇಳಿಜಾರಿನಲ್ಲಿ ಬಂದು ಇಳಿಯುತ್ತಾರೆ. ಎಷ್ಟು ಮೀಟರ್ ಹಾರಿದರು ಎಂಬುದನ್ನು ದೊಡ್ಡ ಪಂದ್ಯಗಳಲ್ಲಿ ಕ್ಯಾಮೆರಾ ಅಳೆಯುತ್ತದೆ. ಇಂಥ ಚಿಕ್ಕ ಗುಡ್ಡಗಳಲ್ಲಿ ಮನುಷ್ಯರೇ ಅಳೆಯಬೇಕು. ಇಳಿಜಾರಿನ ಅಂಚಿನ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರಿಗೆ ಮೂರು ಮೀಟರಿನಂತೆ ಸಾಲಾಗಿ ನಿಲ್ಲುತ್ತೇವೆ. ಹಾರಿದವರ ಎರಡೂ ಪಾದಗಳು ಯಾರ ಪಾಲಿನ ಹಿಮ ಮುಟ್ಟಿದವೋ ಅವರು ಕೈ ಎತ್ತಿ ಅಂಕಿ ಕೂಗಬೇಕು. ಎದುರಿನ ಅಂಚಿನಲ್ಲಿ ನಮ್ಮ ಮುಖ್ಯಸ್ಥ ಆರ್ನೆ ನಿಂತು ಅದನ್ನು ಹಾಳೆಯಲ್ಲಿ ಬರೆದುಕೊಂಡು ರೇಡಿಯೋದಲ್ಲಿ ಹೇಳುತ್ತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಒಂದು ಕಾಲದಲ್ಲಿ ತಾನೂ ಹಾರಿದವನು. ಕೂಗಿದ ಅಂಕಿ ಇತ್ಯರ್ಥವಾಗುವ ತನಕ ಮೇಲೆ ಕೆಂಪು ದೀಪ ಬದಲಾಗಕೂಡದು ಎಂಬುದು ಅವನ ಕಟ್ಟುನಿಟ್ಟಾದ ನಿಯಮ. ನನಗೆ ಸಿಕ್ಕಿದ್ದು ಅರವತ್ತೆರಡು, ಅರವತ್ತಮೂರು, ಅರವತ್ತನಾಲ್ಕು.

ನವೆಂಬರಿನಿಂದ ಮಾರ್ಚ್‌ವರೆಗೆ ಈ ಆಟಗಾರರು ದೇಶದಿಂದ ದೇಶಕ್ಕೆ ಅಲೆಯುತ್ತಾರೆ. ಆ ವರ್ಷ ಸೀಸನ್ನಿನ ನಡುವೆ ಬಿಡುವಿದ್ದಾಗ ಏಳೆಂಟು ದೇಶಗಳ ಗಂಡಸರು, ಹೆಂಗಸರು ನಮ್ಮ ಗುಡ್ಡಕ್ಕೆ ಬಂದಿದ್ದರು. ಹೋಟೆಲಿಗೆ ಖರ್ಚು ಮಾಡುವ ಕಾಲವಲ್ಲ. ಸ್ವಯಂಸೇವಕರ ಮನೆಗಳಲ್ಲೇ ಆಟಗಾರರನ್ನು ಇಳಿಸುವುದು ಆ ಕ್ಲಬ್ಬಿನ ಹಳೆಯ ಪದ್ಧತಿ. ಹಾಗೆ ನಮ್ಮ ಮನೆಗೆ ಬಂದವಳು ಮಾರ್ತಾ. ಪೂರ್ವ ಯೂರೋಪಿನ ಒಂದು ಚಿಕ್ಕ ದೇಶದವಳು, ಇಪ್ಪತ್ತೆರಡು ವರ್ಷ, ಹಕ್ಕಿಯಂಥ ಮೈ. ಬೆಳಿಗ್ಗೆ ಉಪ್ಪಿಟ್ಟು ಕೊಟ್ಟರೆ ಎರಡು ಚಮಚ ತಿಂದು ತಟ್ಟೆ ಸರಿಸಿದಳು. ಇದು ಚೆನ್ನಾಗಿದೆ, ಅದಕ್ಕೇ ತಿನ್ನಬಾರದು ಎಂದಳು. ತೂಕ ಹೆಚ್ಚಿದರೆ ಗಾಳಿ ಎತ್ತುವುದಿಲ್ಲವಂತೆ.

ಅವಳ ಕಷ್ಟ ಅವಳೇ ಹೇಳಿದಳು. ಮುಂದಿನ ವರ್ಷದ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಗಂಡಸರಿಗೆ ಮಾತ್ರ ಪ್ರವೇಶ. ಹೆಂಗಸರಿಗೆ ಇದ್ದದ್ದೆಲ್ಲ ಈ ಸೀಸನ್ನೇ. ಅವರ ತಂಡದಲ್ಲಿ ಮೂವರು ಹುಡುಗಿಯರು. ಪ್ರಾಯೋಜಕರು ಕೈಬಿಟ್ಟಿದ್ದರಿಂದ ಇಲ್ಲಿಂದ ಮುಂದಕ್ಕೆ ಇಬ್ಬರನ್ನು ಮಾತ್ರ ಕಳಿಸುತ್ತಾರೆ, ಮೂರನೆಯವಳು ಮನೆಗೆ. ಮನೆಗೆ ಹೋದವಳು ಮತ್ತೆ ಹಾರುವುದು ಅನುಮಾನ. ಯಾರು ಹೋಗಬೇಕು ಎಂಬುದು ನಮ್ಮ ಗುಡ್ಡದಲ್ಲೇ ನಿರ್ಧಾರವಾಗಬೇಕಿತ್ತು.

ಭಾನುವಾರ ಮಧ್ಯಾಹ್ನ ಮೊದಲ ಸುತ್ತಿನಲ್ಲಿ ಮಾರ್ತಾ ಐವತ್ತೊಂಬತ್ತು ಮೀಟರ್ ಹಾರಿದಳು. ಮೂವರಲ್ಲಿ ಅವಳದೇ ಕಡಿಮೆ. ವಿರಾಮದಲ್ಲಿ ಸ್ಕೀಗಳನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತ ನನ್ನ ಹತ್ತಿರ ನಿಂತಳು.

"ಈಗ ನಿನ್ನ ಜಾಗಕ್ಕೇ ಬರ್ತೀನಿ. ಅರವತ್ತಮೂರು ಬೇಕು ನನಗೆ."

"ಬಾ, ಕೈ ಎತ್ತಿಕೊಂಡೇ ಕಾಯ್ತಿರ್ತೀನಿ" ಎಂದೆ. ಅವಳು ನಕ್ಕು ಮೇಲೆ ಹೋದಳು.

ಈ ಮಾತನ್ನು ನಾನು ಮುಚ್ಚಿಡಬಹುದಿತ್ತು. ಆದರೆ ಓದುವವರಿಗೆ ಇದು ಗೊತ್ತಿರಬೇಕು. ಅವಳು ಅಲ್ಲಿ ಇಳಿಯಲಿ ಎಂದು ನಾನು ಎಷ್ಟು ಬಯಸಿದ್ದೆ ಎಂಬುದು ಮುಂದಿನದನ್ನು ತೂಗಿ ನೋಡಲು ಬೇಕಾದ ಸಂಗತಿ.

ಎರಡನೆಯ ಸುತ್ತು ಶುರುವಾಗುವಾಗ ಕಣಿವೆಯಿಂದ ಮಂಜು ಏರಿ ಬಂತು. ಹಿಂದಿನ ವಾರ ಮೂರು ದಿನ ಸೆಕೆಯಾಗಿ, ಮತ್ತೆ ಚಳಿ ಹಿಡಿದಿತ್ತು. ಗೋಪುರ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಮಂಜು ಸರಿದಾಗಲೆಲ್ಲ ಒಬ್ಬೊಬ್ಬರನ್ನು ಬಿಡುತ್ತಿದ್ದರು. ಹದಿನೇಳನೆಯ ನಂಬರಿನವಳು ಐವತ್ತೆಂಟರಲ್ಲಿ ಇಳಿದಳು. ನನಗಿಂತ ಮೇಲೆ ನಿಂತವನು ಕೈ ಎತ್ತಿದ. ಮಾರ್ತಾಳ ನಂಬರು ಹದಿನೆಂಟು. ಮತ್ತೆ ಮಂಜು ಕವಿಯಿತು. ಎದುರಿಗೆ ನಿಂತಿದ್ದ ಆರ್ನೆಯ ಕಿತ್ತಳೆ ಕೋಟು ಮಾತ್ರ ಮಸುಕಾಗಿ ಕಾಣುತ್ತಿತ್ತು. ಕೆಳಗೆ ನೋಡಲು ಸೇರಿದ್ದ ಜನ ಹುರಿದುಂಬಿಸಲು ಬಾರಿಸುತ್ತಿದ್ದ ಗಂಟೆಗಳ ಸದ್ದೂ ನಿಂತಿತ್ತು.

ಆಗ ನನ್ನ ತಲೆಯ ಮೇಲೆ ಬಟ್ಟೆ ಗಾಳಿಗೆ ಬಡಿದುಕೊಳ್ಳುವ ಸದ್ದು ಕೇಳಿತು. ಹಾರುವವರ ಉಡುಪು ಅಂಥದೇ ಸದ್ದು ಮಾಡುತ್ತದೆ. ಎರಡು ದಿನದಲ್ಲಿ ನೂರು ಸಲ ಕೇಳಿದ್ದೆ. ಮರುಕ್ಷಣ ಥಪ್ ಎಂದು ಸ್ಕೀಗಳು ನೆಲಕ್ಕೆ ಬಿದ್ದವು. ಹಿಮದ ಪುಡಿ ನನ್ನ ಕೆನ್ನೆಗೆ ರಾಚಿತು. ಎದುರಿಗೆ, ಅರವತ್ತಮೂರರ ಗುರುತಿನ ನೇರಕ್ಕೆ, ಎರಡು ಗೆರೆಗಳು ಮೂಡಿ ಕೆಳಕ್ಕೆ ಓಡಿದವು. ನಾನು ಬಲಗೈ ಎತ್ತಿ "ಸಿಕ್ಸ್ಟಿ ತ್ರೀ" ಎಂದು ಕೂಗಿದೆ. ಕೂಗುವಾಗ ಸಂತೋಷವಾಗಿತ್ತು. ಬಂದುಬಿಟ್ಟಳಲ್ಲ ಎಂದು.

ಕೆಳಗೆ ತಿರುಗಿ ನೋಡಿದೆ. ಇಳಿದವರು ಜಾರಿ ಹೋಗಿ ನಿಲ್ಲುವ ಬಯಲಿನಲ್ಲಿ ಯಾರೂ ಇರಲಿಲ್ಲ. ಆಮೇಲೆ ಧ್ವನಿವರ್ಧಕದಲ್ಲಿ, ಅಳತೆಯವರ ಗಮನಕ್ಕೆ, ಯಾರೂ ಹಾರಿಲ್ಲ ಎಂದು ಕೇಳಿಸಿತು. ಜನ ನಕ್ಕರು. ನನ್ನ ಮೇಲಿನ ಮೆಟ್ಟಿಲಿನವನು "ಮಧ್ಯಾಹ್ನ ಏನು ಕುಡಿದೆ?" ಎಂದು ಕೇಳಿದ. ಜಾಡಿನಲ್ಲಿ ಸ್ಕೀ ಜಾರುವ ಸರ್ರೆನ್ನುವ ಸದ್ದು ನನಗೆ ಕೇಳಿಯೇ ಇರಲಿಲ್ಲ, ನಂಬರು ಕೂಗಿದ್ದೂ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಕೈ ಇನ್ನೂ ಮೇಲೇ ಇತ್ತು. ಇಳಿಸಲು ನಾಚಿಕೆಯಾಯಿತು.

ಮೇಲೆ ಆದದ್ದನ್ನು ಆಮೇಲೆ ತಿಳಿದೆ. ಅಲ್ಲಿ ಮಂಜು ಸರಿದು ಹಳದಿ ದೀಪ ಹತ್ತಿತ್ತು. ಮಾರ್ತಾ ಪಟ್ಟಿಯ ಮೇಲೆ ಕೂತಿದ್ದಳು. ಅವಳ ಕೋಚ್ ಬಾವುಟ ಎತ್ತಿ ಹಿಡಿದಿದ್ದ. ನನ್ನ ಕೂಗು ರೇಡಿಯೋದಲ್ಲಿ ಹೋದದ್ದೇ ದೀಪ ಕೆಂಪಾಯಿತು. ಅವಳನ್ನು ಪಟ್ಟಿಯಿಂದ ಪಕ್ಕಕ್ಕೆ ಸರಿಸಿದರು. ಹಾರುವ ಮುಂಚೆ ಹಾಗೆ ಎಬ್ಬಿಸಿದರೆ ಕಾಲು ತಣ್ಣಗಾಗುತ್ತದೆ, ಮನಸ್ಸೂ. ಅಂದರೆ ಆ ಕ್ಷಣದಲ್ಲಿ ಅವಳ ಸೀಸನ್ನಿಗೆ ಕಲ್ಲು ಹಾಕಿದವಳು ನಾನು.

ಆರ್ನೆ ಬೈಯುತ್ತಾನೆ ಎಂದುಕೊಂಡೆ. ಅವನು ಇಳಿಜಾರಿಗೆ ಅಡ್ಡಲಾಗಿ ಮೆಲ್ಲಗೆ ನಡೆದು ಬಂದ. ಅರವತ್ತಮೂರರ ಹತ್ತಿರ ನಿಂತು ಕೈಯ ಕೋಲನ್ನು ಹಿಮದೊಳಕ್ಕೆ ಒತ್ತಿದ. ಕೋಲು ಅವನ ತೋಳಿನವರೆಗೂ ಇಳಿದುಹೋಯಿತು. ಅವನು ಹಿಂದಕ್ಕೆ ನೆಗೆದ. ನಮ್ಮ ಕಣ್ಣೆದುರಿಗೇ ಅಡುಗೆಮನೆಯ ಮೇಜಿನಷ್ಟಗಲ ಹಿಮ ಒಳಕ್ಕೆ ಕುಸಿಯಿತು. ಕೆಳಗೆ ನೀರು ಹರಿಯುವ ಸದ್ದು ಕೇಳಿಸುತ್ತಿತ್ತು. ಗುಡ್ಡದೊಳಗಿನ ಯಾವುದೋ ಒರತೆ ಆ ಮೂರು ದಿನದ ಸೆಕೆಗೆ ಜೋರಾಗಿ ಹರಿದು, ಅಡಿಯ ಹಿಮವನ್ನೆಲ್ಲ ತಿಂದು ಮೇಲೊಂದು ತೆಳ್ಳನೆಯ ಪದರವನ್ನು ಮಾತ್ರ ಉಳಿಸಿತ್ತು. ನಾನು ಕಂಡ ಎರಡು ಗೆರೆಗಳು ಇದ್ದದ್ದು ಅದೇ ಜಾಗದಲ್ಲಿ. ಅವೂ ಒಳಗೆ ಹೋದವು. ಅವನ್ನು ಬೇರೆ ಯಾರೂ ನೋಡಿದ್ದಾಗಿ ಹೇಳಲಿಲ್ಲ.

ಇಕ್ಬಾಲ್ ಅಂಕಲ್ ಏದುಸಿರು ಬಿಡುತ್ತ ಹತ್ತಿ ಬಂದು ಗುಂಡಿಯನ್ನು ಇಣುಕಿದರು.

"ಆ ಸ್ಪೀಡಲ್ಲಿ ಇದರೊಳಗೆ ಬಿದ್ದಿದ್ರೆ ಕತ್ತೇ ಉಳೀತಿರ್ಲಿಲ್ಲಮ್ಮ. ನಾನೂ ಬೇಕಿರ್ಲಿಲ್ಲ, ಆಂಬುಲೆನ್ಸೂ ಬೇಕಿರ್ಲಿಲ್ಲ" ಎಂದರು. ಆಗ ನಾನು ಮೆಟ್ಟಿಲಿನ ಮೇಲೆ ಕೂತುಕೊಂಡೆ.

ಎರಡನೆಯ ಸುತ್ತು ರದ್ದಾಯಿತು. ಮೊದಲ ಸುತ್ತಿನ ಅಂಕಗಳೇ ಕೊನೆ. ಮಾರ್ತಾ ಮೂವರಲ್ಲಿ ಮೂರನೆಯವಳು.

ಹೊರಡುವ ಮುಂಚೆ ಅಳತೆಯವರೆಲ್ಲ ಹಾಳೆಗೆ ಸಹಿ ಹಾಕಬೇಕು. ಆರ್ನೆಯ ಹಾಳೆ ನೋಡಿದೆ. ಹದಿನೇಳನೆಯ ನಂಬರಿನ ಕೆಳಗೆ ಒಂದು ಸಾಲು ಇತ್ತು. ನಂಬರಿನ ಜಾಗ ಖಾಲಿ. ಅಂತರದ ಜಾಗದಲ್ಲಿ ಅರವತ್ತಮೂರೂವರೆ ಎಂದು ಬರೆದಿತ್ತು.

"ನಾನು ಅರವತ್ತಮೂರು ಅಂತ ಕೂಗಿದ್ದು" ಎಂದೆ.

"ಗೊತ್ತು. ನೀನು ಅರ್ಧ ಮೀಟರ್ ಕಡಿಮೆ ಹೇಳಿದೆ" ಎಂದ. ಮತ್ತೆ ಕೇಳುವಷ್ಟರಲ್ಲಿ ಹಾಳೆ ಮಡಚಿ ಕೋಟಿನ ಜೇಬಿಗೆ ಇಟ್ಟುಕೊಂಡು, ದಾರಿಯಲ್ಲಿ ಐಸ್ ಇರುತ್ತದೆ, ಹುಷಾರು ಎಂದು ಹೊರಟುಹೋದ. ಮುಂದಿನ ಚಳಿಗಾಲದಲ್ಲಿ ಫೋನ್ ಮಾಡಿ ಕೇಳಿದೆ. ಅವನು ಹವಾಮಾನದ ಮಾತು ತೆಗೆದ. ಆಮೇಲೆ ನಾನು ಕೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಇಕ್ಬಾಲ್ ಅಂಕಲ್ ಒಂದು ವಿವರಣೆ ಕೊಟ್ಟರು. ಟೊಳ್ಳಾದ ಹಿಮ ಒಳಗೊಳಗೇ ಕುಸಿಯುವಾಗ ಥಪ್ ಎಂದು ಸದ್ದು ಬರುತ್ತದೆ, ಮೇಲೆ ಬಿರುಕು ಗೆರೆಗಳೂ ಮೂಡುತ್ತವೆ, ಅದನ್ನೇ ನೀನು ಕಂಡದ್ದು ಎಂದರು. ಅದು ಒಳ್ಳೆಯ ವಿವರಣೆ. ಬೇರೆಯವರಿಗೆ ಇದು ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮಾರ್ತಾ ಅಲ್ಲಿ ಇಳಿಯಲಿ ಎಂದು ಕಾಯುತ್ತಿದ್ದ ನನ್ನ ಮನಸ್ಸು ಉಳಿದದ್ದನ್ನು ಸೇರಿಸಿತು ಎನ್ನಬಹುದು. ಆದರೆ ತಲೆಯ ಮೇಲೆ ಬಡಿದುಕೊಂಡ ಬಟ್ಟೆಯ ಸದ್ದನ್ನು ಅದರಲ್ಲಿ ಎಲ್ಲಿಡಬೇಕೋ ನನಗೆ ತಿಳಿಯದು. ಆರ್ನೆಯ ಆ ಅರ್ಧ ಮೀಟರನ್ನಂತೂ ಎಲ್ಲಿಯೂ ಇಡಲಾಗಿಲ್ಲ.

ಮಾರ್ತಾ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಮನೆಯಲ್ಲಿ ಅವಳು ಚೀಲ ಕಟ್ಟುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಕ್ಷಮೆ ಕೇಳಬೇಕೋ ಬೇಡವೋ ಗೊತ್ತಾಗಲಿಲ್ಲ. ಅವಳೇ ತಲೆಯೆತ್ತದೆ ಕೇಳಿದಳು.

"ಅದು ಒಳ್ಳೆ ಜಿಗಿತವಾಗಿತ್ತಾ?"

"ಹೌದು" ಎಂದೆ. "ಇಳಿದದ್ದು ತುಂಬ ಚೆನ್ನಾಗಿತ್ತು."

ಅವಳು ತಲೆಯಾಡಿಸಿ ಚೀಲದ ಜಿಪ್ ಎಳೆದಳು. ಆಮೇಲೆ ಅಡುಗೆಮನೆಗೆ ಬಂದು ಬೆಳಗಿನ ಉಪ್ಪಿಟ್ಟು ಉಳಿದಿದೆಯಾ ಎಂದು ಕೇಳಿ, ತಣ್ಣಗಿದ್ದದ್ದನ್ನು ಬಿಸಿಯೂ ಮಾಡಿಸಿಕೊಳ್ಳದೆ ಪೂರ್ತಿ ತಿಂದಳು. ಮರುದಿನ ವಿಮಾನ ಹತ್ತಿದಳು. ಮತ್ತೆ ಹಾರಿದಳೋ ಇಲ್ಲವೋ ತಿಳಿಯಲಿಲ್ಲ. ಆಟಗಾರರ ಪಟ್ಟಿಗಳಲ್ಲಿ ಕೆಲವು ವರ್ಷ ಹುಡುಕಿದೆ; ಹೆಸರು ಸಿಗಲಿಲ್ಲ.

ಈಗ ನಾವು ಹಿಲ್ಸ್‌ಬರೋದಲ್ಲಿದ್ದೇವೆ. ಚಳಿಗಾಲದಲ್ಲಿ ಬಿಸಿಲೇರಿದಾಗ ಸೂರಿನ ಹಿಮ ಥಪ್ ಎಂದು ಅಂಗಳಕ್ಕೆ ಬೀಳುತ್ತದೆ. ನಾನು ಪಾತ್ರೆ ತೊಳೆಯುತ್ತಿರಲಿ, ಫೋನಿನಲ್ಲಿರಲಿ, ಬಲಗೈ ತಾನಾಗಿ ಮೇಲೇಳುತ್ತದೆ. "ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?" ಎಂದು ಮಗಳು ನಗುತ್ತಾಳೆ. ಕೈ ಇಳಿಸುತ್ತೇನೆ. ಅಂಕಿ ಮಾತ್ರ ಬಾಯಿಯ ತುದಿಗೆ ಬಂದು ನಿಂತಿರುತ್ತದೆ, ಮುಂದಿನವರನ್ನು ಬಿಡಬೇಡಿ ಎನ್ನುವ ಹಾಗೆ.