ತನ್ನ ಕಮಿಷನ್ ಮೊದಲೇ ಹೇಳುವ ಹರ್ಷದಾ

ಪುಣೆಯ ಹಡಪಸರದ ಆಸ್ಪತ್ರೆಯೊಂದರ ಹಿಂಬಾಗಿಲಲ್ಲಿ ಬೆಳಕು ಹರಿಯುವ ಹೊತ್ತಿಗೆ ರಾತ್ರಿ ಪಾಳಿ ಬಿಡುತ್ತದೆ. ನಿದ್ದೆಗಣ್ಣಿನ ನರ್ಸುಗಳು, ಆಯಾಗಳು ಹೊರಬರುವಾಗ ಹರ್ಷದಾ ಸ್ಕೂಟರ್ ನಿಲ್ಲಿಸಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಮ್ಯೂಚುವಲ್ ಫಂಡ್ ಏಜೆಂಟ್ ಎಂದರೆ ಟೈ ಕಟ್ಟಿಕೊಂಡೇ ಹುಟ್ಟಿದವರು ಎಂದುಕೊಂಡಿದ್ದ ನನಗೆ ಇವರನ್ನು ಗುರುತಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

ಇವತ್ತು ಅವರ ಪಕ್ಕ ಕೂತವರು ವಿಜಯಪುರ ಕಡೆಯ ಅವ್ವಮ್ಮ. ವಾರ್ಡಿನಲ್ಲಿ ಆಯಾ, ಗುತ್ತಿಗೆ ನೌಕರಿ, ಪಿಂಚಣಿ ಇಲ್ಲ. ಮುಪ್ಪಿಗೆಂದು ತಿಂಗಳಿಗೆ ಮೂರು ಸಾವಿರದಂತೆ ಇಪ್ಪತ್ತು ವರ್ಷ ಹಾಕಬೇಕೆಂದಿದ್ದಾರೆ. ಬೇರೆ ಏಜೆಂಟರಾದರೆ ತಕ್ಷಣ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹರ್ಷದಾ ಹಾಗಲ್ಲ.

"ಅವ್ವಮ್ಮಾ, ಮೊದಲ ನನ್ನ ಕಮಿಷನ್ ಕೇಳ್ರಿ. ನನ್ನ ಕಡಿಂದ ಹಾಕಿದ್ರ ಲಕ್ಷಕ್ಕ ವರ್ಷಾ ಎಂಟುನೂರರ ಆಸುಪಾಸು ನನಗ ಬರ್ತದ. ಅದು ನಿಮ್ಮ ರೊಕ್ಕದಾಗಿಂದನ ಹೋಗ್ತದ."

"ಬಿಲ್ ಬರ್ತದೇನ್ರಿ ಅಕ್ಕಾರ?"

"ಬರಂಗಿಲ್ಲ. ಗಿರಣ್ಯಾಗ ಬೀಸಿದ ಹಿಟ್ಟಿನಾಗ ದಿನಾ ಒಂದ ಚಿಟಿಕಿ ತಗದ್ರ ನಿಮಗ ಗೊತ್ತಾಗ್ತದೇನು? ಹಂಗ."

ಏಜೆಂಟರಿಲ್ಲದೆ ನೇರವಾಗಿ ಹಾಕುವ 'ಡೈರೆಕ್ಟ್' ಯೋಜನೆಯಲ್ಲಿ, ತೆರಿಗೆಯೂ ಸೇರಿ ವರ್ಷಕ್ಕೆ ಸುಮಾರು ಒಂದು ಪರ್ಸೆಂಟಿನ ಈ ಚಿಟಿಕೆ ಉಳಿಯುತ್ತದೆ. ಅವ್ವಮ್ಮ ಒಟ್ಟು ಹಾಕುವುದು ಏಳು ಲಕ್ಷ ಇಪ್ಪತ್ತು ಸಾವಿರ. ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಬೆಳೆದರೆ ಅದು ಮೂವತ್ತು ಲಕ್ಷದ ಹತ್ತಿರ ಬರುತ್ತದೆ. ಚಿಟಿಕೆ ಹೋಗಿ ಹನ್ನೊಂದಾದರೆ ಇಪ್ಪತ್ತಾರು ಲಕ್ಷ ಚಿಲ್ಲರೆ. ಮಾರುಕಟ್ಟೆ ಅಷ್ಟು ಕೊಟ್ಟೇ ಕೊಡುತ್ತದೆಂದು ಯಾರೂ ಹೇಳಲಾರರು. ಆದರೆ ಆ ಒಂದು ಪರ್ಸೆಂಟಿನ ವ್ಯತ್ಯಾಸವೇ ಅವ್ವಮ್ಮ ಕೈಯಾರೆ ಹಾಕಿದ ದುಡ್ಡಿನ ಅರ್ಧಕ್ಕಿಂತ ಹೆಚ್ಚು.

ಹರ್ಷದಾ ಅವರದು ಧಾರವಾಡ ಮೂಲದ ಮನೆತನ. ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಶುರುವಿನಲ್ಲಿ ನೆಂಟರು, ಪರಿಚಿತರೇ ಗಿರಾಕಿಗಳು. ಅವರಲ್ಲಿ ಒಬ್ಬರೂ ಕಮಿಷನ್ ಎಷ್ಟೆಂದು ಕೇಳಲಿಲ್ಲ.

"ನಮ್ಮಾಕಿ ಅಂತ ಕೇಳಂಗಿಲ್ರಿ. ಕೇಳಿದ್ರ ಅನುಮಾನ ಪಟ್ಟಂಗ ಆಗ್ತದಂತ ಸಂಕೋಚ. ಆ ಸಂಕೋಚದ ಮ್ಯಾಲನ ನಮ್ಮ ಧಂಧೆ ನಡೀತದ," ಎನ್ನುತ್ತಾರೆ. ಐದು ವರ್ಷದಿಂದ ತಾವೇ ಮೊದಲು ಹೇಳತೊಡಗಿದ್ದಾರೆ. ನೂರಿಪ್ಪತ್ತು ಗಿರಾಕಿಗಳಲ್ಲಿ ನಲವತ್ತರಷ್ಟು ಮಂದಿ ಬಿಟ್ಟು ಡೈರೆಕ್ಟ್‌ಗೆ ಹೋದರು. ಹರ್ಷದಾ ಅವರ ಆದಾಯ ಇಳಿದು, ಮಗಳ ಕಾಲೇಜಿನ ಫೀ ಈಗ ಎರಡು ಕಂತಿನಲ್ಲಿ ಹೋಗುತ್ತದೆ. "ಬಾಜೂ ಅಂಗಡ್ಯಾಗ ಸೋವಿ ಸಿಗ್ತದಂತ ಗಿರಾಕಿಗೆ ಹೇಳಾಕಿ ಇಕಿ ಒಬ್ಬಾಕಿನ," ಎಂದು ಪತಿ ಅಂಬಾದಾಸ ಛೇಡಿಸುತ್ತಾರೆ. ನಗುತ್ತಲೇ ಹೇಳಿದರೂ ಕಾರ್ಖಾನೆಯಲ್ಲಿ ಓವರ್‌ಟೈಮ್ ಮಾಡುತ್ತಿರುವವರು ಅವರೇ.

ಹೋದವರಿಗೆಲ್ಲ ಲಾಭವೇ ಆಯಿತೆಂದೇನೂ ಅಲ್ಲ. ಮಾರುಕಟ್ಟೆ ಬಿದ್ದಾಗ ಕೆಲವರು ಗಾಬರಿಬಿದ್ದು ಮಾರಿ, ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡರು. ಅದನ್ನೂ ಹರ್ಷದಾ ಅವ್ವಮ್ಮನಿಗೆ ಹೇಳುತ್ತಾರೆ.

"ಬಿದ್ರ ನಾ ಯಾರನ್ನ ಕೇಳ್ಲಿರಿ?" ಅವ್ವಮ್ಮನ ಮುಖ ಸಣ್ಣದಾಗುತ್ತದೆ.

"ನನಗ ಫೋನ್ ಹಚ್ರಿ. ಗಾಬರಿ ಆಗಬ್ಯಾಡ್ರಿ ಅನ್ನಾಕ ನನಗ ಕಮಿಷನ್ ಬೇಕಾಗಿಲ್ಲ."

ಅವ್ವಮ್ಮ ಡೈರೆಕ್ಟ್ ಆರಿಸಿಕೊಳ್ಳುತ್ತಾರೆ. ಫೋನಿನಲ್ಲಿ ಎಲ್ಲಿ ಒತ್ತಬೇಕೆಂದು ಹರ್ಷದಾ ಅವರೇ ತೋರಿಸಿಕೊಡುತ್ತಾರೆ. ಬೇಸರವಾಗಲಿಲ್ಲವೇ ಎಂದು ಕೇಳಿದೆ. "ಆಗ್ತದ್ರಿ, ಸುಳ್ಳ್ಯಾಕ ಹೇಳ್ಲಿ?" ಅಂದರು. ಹೂಡಿಕೆ ಸಲಹೆಗಾರರ ಪರೀಕ್ಷೆಗೆ ಓದುತ್ತಿದ್ದಾರಂತೆ. ಪಾಸಾಗಿ ನೋಂದಣಿಯಾದರೆ ಕಮಿಷನ್ ಬಿಟ್ಟು, ಸಲಹೆಗಷ್ಟೇ ಬಾಯಿಬಿಟ್ಟು ಶುಲ್ಕ ಕೇಳಬಹುದೆಂಬ ಆಸೆ.

ಅಷ್ಟರಲ್ಲಿ ಅವ್ವಮ್ಮ ರಸ್ತೆ ದಾಟಿ ಹೋಗಿ, ತಿಂಡಿ ಗಾಡಿಯಿಂದ ಒಂದು ಪ್ಲೇಟ್ ಬಿಸಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಂದು ಹರ್ಷದಾ ಅವರ ಕೈಗಿಟ್ಟರು. ಬೇಡವೆಂದರೂ ಬಿಡಲಿಲ್ಲ.

"ನೋಡ್ರಿ," ಎಂದು ಹರ್ಷದಾ ನನ್ನ ಕಡೆ ತಿರುಗಿದರು. "ಇಷ್ಟು ವರ್ಷದಾಗ, ಕೊಡಾಕಿ ಗೊತ್ತಿದ್ದು, ತನ್ನ ಕೈಯಾರ ಕೊಟ್ಟ ಕೂಲಿ ಇದ ಮೊದಲನೇದು."